ಛೀ ಚಿಕ್ಕಮ್ಮನ ಫೋನು

ನನ್ನ ಅಮ್ಮನ ತಂಗಿಗೆ ಹೇಸಿಗೆ ಎನ್ನುವುದು ಹುಟ್ಟಿನಿಂದಲೇ ಬಂದದ್ದು. ಎರಡು ವರ್ಷದ ಮಗುವಾಗಿದ್ದಾಗಲೇ ಯಾರಾದರೂ ಮುತ್ತು ಕೊಟ್ಟರೆ ಕೆನ್ನೆ ಒರೆಸಿಕೊಳ್ಳುತ್ತಿದ್ದಳಂತೆ. ಬೇರೆಯವರ ಲೋಟದಲ್ಲಿ ನೀರು ಕುಡಿಯುವುದಿಲ್ಲ, ಬೇರೆಯವರ ಬಾಚಣಿಗೆ ಮುಟ್ಟುವುದಿಲ್ಲ, ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಮೊದಲು ಬಗ್ಗಿ ನೋಡಿ ಆಮೇಲೆ ಕೂರುತ್ತಾಳೆ. ನನ್ನ ತಮ್ಮ ಚಿಕ್ಕವನಿದ್ದಾಗ ಒಂದು ಭಾನುವಾರವಿಡೀ ಅವಳ ಹಿಂದೆ ತಿರುಗಿ, ಎಷ್ಟು ಸಲ 'ಛೀ' ಎನ್ನುತ್ತಾಳೆಂದು ಎಣಿಸಿದ್ದ. ನಲವತ್ತೊಂದು ಸಲ. ಅಂದಿನಿಂದ ಮನೆಯ ಮಕ್ಕಳಿಗೆಲ್ಲ ಅವಳು ಛೀ ಚಿಕ್ಕಮ್ಮ.

ಇಂಥವಳಿಗೆ ಸಿಕ್ಕಿದ ಕೆಲಸವೆಂದರೆ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುವುದು. ಏಳು ಮಹಡಿಯ ಹಳೆಯ ಕಟ್ಟಡ. ಎರಡನೇ ನಂಬರಿನ ಲಿಫ್ಟ್ ಅವಳದು, ಸ್ಟ್ರೆಚರ್ ಹಿಡಿಸುವಂಥ ಉದ್ದನೆಯದು. ನಾಲ್ಕೂ ಕಡೆ ಕಬ್ಬಿಣದ ತಗಡು, ತಗಡಿನ ಮೇಲೆ ಬಿಸ್ಕತ್ತಿನ ಬಣ್ಣ. ಮೂಲೆಯಲ್ಲಿ ಅವಳು ಕೂರುವ ಉಕ್ಕಿನ ಸ್ಟೂಲು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅವಳು ಮೇಲೆ ಹೋಗುತ್ತಾಳೆ, ಕೆಳಗೆ ಬರುತ್ತಾಳೆ. ಗುಂಡಿಗಳನ್ನು ಬೆರಳಿನಿಂದ ಒತ್ತಿದ್ದನ್ನು ಯಾರೂ ಕಂಡಿಲ್ಲ. ಶಾಯಿ ಒಣಗಿದ ಪೆನ್ನೊಂದನ್ನು ಅದಕ್ಕೆಂದೇ ಇಟ್ಟುಕೊಂಡಿದ್ದಾಳೆ.

"ಮನುಷ್ಯ ಅನ್ನೋ ಪ್ರಾಣಿನ ನೋಡ್ಬೇಕು ಅಂದ್ರೆ ಲಿಫ್ಟಲ್ಲಿ ನೋಡ್ಬೇಕು ಕಣೇ" ಎಂದು ಅವಳು ನನಗೆ ಹೇಳುತ್ತಾಳೆ. "ಬಾಗಿಲು ಮುಚ್ಚಿದ ಕೂಡ್ಲೇ ಮೂಗಿಗೆ ಬೆರಳು ಹೋಗುತ್ತೆ. ನಾನು ಅಲ್ಲೇ ಕೂತಿದ್ದೀನಿ, ಕಣ್ಣಿಗೇ ಬೀಳಲ್ಲ ಅವರಿಗೆ. ಆಮೇಲೆ ಆ ಬೆರಳು ಎಲ್ಲಿಗೆ ಹೋಗುತ್ತೆ? ಹಿಡಿಕಂಬಿಗೆ. ಛೀ!"

'ಉಗುಳಬಾರದು' ಎಂಬ ಫಲಕದ ಮೇಲೇ ಉಗುಳಿರುತ್ತಾರೆ. ಅಗಿದ ಗಮ್ಮನ್ನು ಹಿಡಿಕಂಬಿಯ ಕೆಳಗೆ ಅಂಟಿಸಿ ಹೋಗುತ್ತಾರೆ. ಒಬ್ಬ ಮಹಾನುಭಾವ ನೆಲಮಹಡಿಯಿಂದ ಆರನೇ ಮಹಡಿ ತಲುಪುವಷ್ಟರಲ್ಲಿ ಒಂದು ಕೈಯ ಐದೂ ಉಗುರು ಕತ್ತರಿಸಿ ಮುಗಿಸಿದ್ದನಂತೆ. ಒಂದು ಚೂರು ಹಾರಿ ಚಿಕ್ಕಮ್ಮನ ಮಡಿಲಿಗೆ ಬಿದ್ದಿತ್ತು. ಅವತ್ತು ಮನೆಗೆ ಬಂದವಳು ಸೀರೆಯನ್ನು ಎರಡು ಸಲ ಒಗೆದಳು, ಊಟ ಮಾಡಲಿಲ್ಲ.

ಅವಳ ಗಂಡ, ನಮ್ಮ ಚಿಕ್ಕಪ್ಪ, ಹಿಟ್ಟಿನ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವರು. ಆ ಸದ್ದಿಗೆ ಕಿವಿ ಅರ್ಧ ಹೋಗಿದೆ, ಮಾತು ಮುಕ್ಕಾಲು ಹೋಗಿದೆ. ದಿನವೂ ಮಧ್ಯಾಹ್ನ ಒಂದಕ್ಕೆ ಅವಳಿಗೆ ಫೋನು ಮಾಡಿ "ಊಟ ಆಯ್ತಾ?" ಎಂದು ಕೇಳುತ್ತಾರೆ. ಅವಳು "ಆಯ್ತು, ನಿಮ್ಮದು?" ಎನ್ನುತ್ತಾಳೆ. ಅದು ಅವರಿಗೆ ಕೇಳಿಸುತ್ತದೋ ಇಲ್ಲವೋ, "ಸರಿ" ಎಂದು ಇಟ್ಟುಬಿಡುತ್ತಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೂ ಈ ಒಂದು ಕರೆ ತಪ್ಪಿರಲಿಲ್ಲ.

ತಪ್ಪಲು ಶುರುವಾದದ್ದು ಹೋದ ವರ್ಷ. ಚಿಕ್ಕಮ್ಮನನ್ನು ಒಂದನೇ ನಂಬರಿನ ಲಿಫ್ಟಿನಿಂದ ಎರಡನೆಯದಕ್ಕೆ ಹಾಕಿದ ಹೊಸತು. ಒಂದನೆಯದು ಕಟ್ಟಡದ ಹೊರಗೋಡೆಗೆ ಅಂಟಿಕೊಂಡ ಗಾಜಿನ ಲಿಫ್ಟು, ಎರಡನೆಯದು ಕಟ್ಟಡದ ಹೊಟ್ಟೆಯೊಳಗಿನದು. ಬೆಳಿಗ್ಗೆ ಮನೆಯಿಂದ ನೂರಕ್ಕೆ ನೂರು ಚಾರ್ಜ್ ತುಂಬಿಸಿಕೊಂಡು ಹೊರಟ ಫೋನು ಹನ್ನೆರಡೂವರೆಗೆ ಕಣ್ಣು ಮುಚ್ಚುತ್ತಿತ್ತು. ಕೊಂಡು ಇನ್ನೂ ಒಂದು ವರ್ಷವಾಗಿರಲಿಲ್ಲ. ಒಂದು ಗಂಟೆಗೆ ಚಿಕ್ಕಪ್ಪ ಕರೆ ಮಾಡಿದರೆ 'ಸ್ವಿಚ್ ಆಫ್'. ಅವರು ಗಿರಣಿಯ ಹೊರಗೆ ಬಂದು, ಕಿವಿಗೆ ಅಂಗೈ ಒತ್ತಿ, ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದರಂತೆ.

ಇಷ್ಟೇ ಆಗಿದ್ದರೆ ಚಿಕ್ಕಮ್ಮ ಚಾರ್ಜರ್ ಹೊತ್ತುಕೊಂಡು ಹೋಗಿ ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಒಂದು ಬುಧವಾರ ಮಧ್ಯಾಹ್ನ ಲಿಫ್ಟು ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತುಬಿಟ್ಟಿತು.

ಒಳಗೆ ನಾಲ್ಕು ಜನ. ಚಿಕ್ಕಮ್ಮ, ಸ್ಟ್ರೆಚರ್ ತಳ್ಳುವ ಅಣ್ಣ, ಸ್ಟ್ರೆಚರ್ ಮೇಲೆ ಸ್ಕ್ಯಾನ್ ಮುಗಿಸಿಕೊಂಡು ಬಂದ ಒಬ್ಬ ಅಜ್ಜ, ಪಕ್ಕದಲ್ಲಿ ಅಜ್ಜನ ಸೊಸೆ. ಚಿಕ್ಕಮ್ಮ ಪೆನ್ನಿನಿಂದ ಗಂಟೆಯ ಗುಂಡಿ ಒತ್ತಿದಳು. ಸದ್ದಿಲ್ಲ. ಪೆನ್ನು ಬಿಟ್ಟು ಬೆರಳಿನಿಂದಲೇ ಒತ್ತಿದಳು. ಆಗಲೂ ಇಲ್ಲ. ಹೊರಗಿನವರೊಡನೆ ಮಾತಾಡಲು ಇಟ್ಟ ಮಾತಿನ ಪೆಟ್ಟಿಗೆಯ ತಂತಿಗಳು ಎಷ್ಟೋ ತಿಂಗಳಿಂದ ಕಿತ್ತು ಜೋತಾಡುತ್ತಿದ್ದವು. ಅವಳ ಫೋನು ಸತ್ತು ಮುಕ್ಕಾಲು ಗಂಟೆಯಾಗಿತ್ತು. ಸ್ಟ್ರೆಚರ್ ಅಣ್ಣ ತನ್ನದನ್ನು ವಾರ್ಡಿನಲ್ಲಿ ಚಾರ್ಜಿಗೆ ಹಾಕಿ ಬಂದಿದ್ದ. ಸೊಸೆಯ ಫೋನು ಅವಳ ಗಂಡನ ಹತ್ತಿರ, ಅವನು ಔಷಧಿ ಅಂಗಡಿಯ ಸಾಲಿನಲ್ಲಿ.

ಫ್ಯಾನೂ ನಿಂತಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅಜ್ಜನ ಹೊಟ್ಟೆ ತೊಳಸಿತು. ಸ್ಕ್ಯಾನಿಗೆಂದು ಕುಡಿಸಿದ್ದ ಬಿಳಿ ನೀರೆಲ್ಲ ಹೊರಗೆ ಬಂತು. ಸ್ವಲ್ಪ ಹಾಸಿಗೆಗೆ, ಉಳಿದದ್ದೆಲ್ಲ ಚಿಕ್ಕಮ್ಮನ ಸೆರಗಿಗೆ, ಚಪ್ಪಲಿಗೆ, ಬೆರಳ ಸಂದಿಗೆ. ಅವಳು ಕಿರುಚಲಿಲ್ಲ. ಹಲ್ಲು ಕಚ್ಚಿ, ಮುಖ ತಿರುಗಿಸಿ, ಒಂದು ಕೈಯಿಂದ ಅಜ್ಜನ ಹಣೆ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಸ್ಟೂಲನ್ನೆತ್ತಿ ಬಾಗಿಲಿಗೆ ಬಡಿಯುತ್ತಲೇ ಇದ್ದಳು. ನಾಲ್ಕನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದ ಹೆಂಗಸಿಗೆ ಕೊನೆಗೂ ಕೇಳಿಸಿತು. ಹೊರಗೆ ಬರುವಾಗ ಮೂವತ್ತೈದು ನಿಮಿಷವಾಗಿತ್ತು.

ಅಜ್ಜನಿಗೆ ಏನೂ ಆಗಲಿಲ್ಲ. ಚಿಕ್ಕಮ್ಮನಿಗೆ ಮೆಮೋ ಬಂತು.

ಕೊಟ್ಟವರು ಆಸ್ಪತ್ರೆಯ ಮೇಲ್ವಿಚಾರಕರು. ಮಾತಿಗಿಂತ ಮೊದಲು ಕಾಗದ ಕೊಡುವುದರಿಂದ ಸಿಬ್ಬಂದಿ ಅವರನ್ನು ಮೆಮೋ ಸಾರ್ ಎಂದೇ ಕರೆಯುವುದು.

"ಬೆಲ್ಲು ಕೆಟ್ಟಿದೆ ಸಾರ್, ಮೂರು ಸಲ ಬರೆದು ಕೊಟ್ಟಿದ್ದೀನಿ" ಎಂದಳು ಚಿಕ್ಕಮ್ಮ.

"ಬೆಲ್ಲಿನ ವಿಷಯ ಬೇರೆ. ಫೋನ್ ಯಾಕಮ್ಮ ಆಫ್ ಇತ್ತು? ಫೋನ್ ಆನ್ ಇದ್ದಿದ್ರೆ ಒಂದು ನಿಮಿಷದ ಕೆಲಸ. ದಿನಾ ಅದರಲ್ಲಿ ಸಿನಿಮಾ ನೋಡ್ಕೊಂಡು ಕೂತಿರ್ತೀರಿ, ಬ್ಯಾಟರಿ ಎಲ್ಲಿಂದ ಉಳಿಯುತ್ತೆ?"

'ತುರ್ತು ಸಮಯದಲ್ಲಿ ಮೊಬೈಲ್ ಚಾಲನೆಯಲ್ಲಿಡದೆ ಕರ್ತವ್ಯಲೋಪ' ಎಂದು ಕಾಗದದಲ್ಲಿ ಬರೆದಿತ್ತು. ಅವರು ಸಹಿ ಹಾಕಲು ಕೊಟ್ಟ ಪೆನ್ನಿನ ತುದಿಯನ್ನು ಯಾರೋ ಹಲ್ಲಿನಲ್ಲಿ ಜಗಿದು ಜಗಿದು ಬ್ರಷ್ ಮಾಡಿಟ್ಟಿದ್ದರು. ಚಿಕ್ಕಮ್ಮ ಅದನ್ನು ಮುಟ್ಟಲಿಲ್ಲ. ಔಷಧಿ ಕೌಂಟರಿಗೆ ಹೋಗಿ ಪೆನ್ನು ತಂದು ಸಹಿ ಹಾಕಿದಳು.

ಮನೆಗೆ ಬಂದು ಸ್ನಾನ ಮಾಡಿ, ಕೂದಲು ಒರೆಸಿಕೊಳ್ಳುತ್ತಾ ನನಗೆ ಹೇಳಿದಳು. "ಸಿನಿಮಾ ಅಂತೆ. ಆ ಗಬ್ಬು ಡಬ್ಬಿಯೊಳಗೆ ಮೂಗು ಮುಚ್ಕೊಂಡು ಕೂತ್ಕೊಳ್ಳೋಳಿಗೆ ಸಿನಿಮಾ ಬೇರೆ ಕೇಡು. ಈ ಫೋನಿಗೆ ಅದೇನು ರೋಗ ಬಡಿದಿದೆ ಅಂತ ಕಂಡುಹಿಡಿಯದೆ ಬಿಡಲ್ಲ."

ಮೊದಲು ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವನು ಕಿರುಬೆರಳಿನ ಉಗುರನ್ನು ಅರ್ಧ ಇಂಚು ಬೆಳೆಸಿದ್ದ. ನಮ್ಮ ಮಾತು ಕೇಳುತ್ತಾ ಆ ಉಗುರನ್ನು ಕಿವಿಯೊಳಗೆ ಆಡಿಸಿದ. ಹೊರಗೆ ತೆಗೆದು ನೋಡಿದ. ಪ್ಯಾಂಟಿಗೆ ಒರೆಸಿದ. ಅದೇ ಉಗುರಿನಿಂದ ಚಿಕ್ಕಮ್ಮನ ಫೋನಿನ ಬೆನ್ನು ಬಿಚ್ಚಿದ.

"ಬ್ಯಾಟರಿ ಹೋಗಿದೆ ಅಮ್ಮ. ಹೊಸದು ಹಾಕಿದ್ರೆ ಎರಡು ದಿನ ಬರುತ್ತೆ."

ಹೊಸ ಬ್ಯಾಟರಿ ಹಾಕಿಸಿಕೊಂಡು, ಚಿಕ್ಕಮ್ಮ ಫೋನನ್ನು ಕರ್ಚೀಫಿನಲ್ಲಿ ಹಿಡಿದು ಮನೆಗೆ ತಂದು, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ನಾಲ್ಕು ಸಲ ಒರೆಸಿದಳು. ಅದು ಶನಿವಾರ. ಭಾನುವಾರ ಅವಳಿಗೆ ರಜೆ. ಸೋಮವಾರ ಲಿಫ್ಟಿಗೆ ಎಣ್ಣೆ ಹಾಕುವವರು ಬಂದದ್ದರಿಂದ ಅವಳನ್ನು ಚೀಟಿ ಕೌಂಟರಿನಲ್ಲಿ ಕೂರಿಸಿದರು. ಎರಡು ದಿನವೂ ಫೋನು ಸಂಜೆಯವರೆಗೆ ಚೆನ್ನಾಗಿ ಬಾಳಿತು. "ಗಲೀಜು ಮನುಷ್ಯ, ಆದ್ರೆ ಕೈ ಪರವಾಗಿಲ್ಲ" ಎಂದು ಅಂಗಡಿಯವನಿಗೆ ಅವಳ ಬಾಯಿಂದ ಪ್ರಮಾಣಪತ್ರವೂ ಸಿಕ್ಕಿತು. ಮಂಗಳವಾರ ಲಿಫ್ಟಿಗೆ ಮರಳಿದಳು. ಹನ್ನೆರಡೂ ನಲವತ್ತಕ್ಕೆ ಹೊಸ ಬ್ಯಾಟರಿಯೂ ಬರಿದಾಯಿತು. ಮತ್ತೆ ಅಂಗಡಿಗೆ ಹೋದರೆ ಅವನು ಫೋನನ್ನು ಕೈಗೂ ತೆಗೆದುಕೊಳ್ಳದೆ "ಬೋರ್ಡೇ ಹೋಗಿರ್ಬೇಕು, ಹೊಸ ಫೋನ್ ತಗೊಂಡ್ಬಿಡಿ" ಎಂದ.

ಮುಂದಿನ ತಪ್ಪು ನನ್ನದು. ಎಲ್ಲೋ ಓದಿದ್ದನ್ನು ನಂಬಿ, ಬ್ಯಾಟರಿ ಉಳಿಸುತ್ತದೆ, ಫೋನಿನ ಕಸ ಗುಡಿಸುತ್ತದೆ ಎಂದು ಹೇಳಿಕೊಂಡಿದ್ದ ಒಂದು ಆ್ಯಪನ್ನು ಅವಳ ಫೋನಿಗೆ ಹಾಕಿಕೊಟ್ಟೆ. ಮರುದಿನ ಅವಳು ಹನ್ನೊಂದೂವರೆಗೇ ಚೀಟಿ ಕೌಂಟರಿನ ಫೋನಿನಿಂದ ನನಗೆ ಕರೆ ಮಾಡಿದಳು.

"ಏನು ಹಾಕಿಕೊಟ್ಟಿದ್ದೀಯೇ ನೀನು? ಗಂಟೆ ಎಷ್ಟು ಅಂತ ನೋಡೋಕೆ ಹೋದ್ರೆ ಯಾರದ್ದೋ ಮೂಗಿನ ಮೇಲಿನ ಕೀವು ಹಿಂಡ್ತಾರೆ! ಇಷ್ಟು ದೊಡ್ಡದಾಗಿ! ಮುಚ್ಚೋಣ ಅಂತ ಒತ್ತಿದ್ರೆ ಕಿವಿಯೊಳಗಿನ ಗುಗ್ಗೆ ತೋರಿಸುತ್ತೆ. ಅದನ್ನ ಮುಚ್ಚಿದ್ರೆ ಹೊಟ್ಟೆಯೊಳಗಿನ ಹುಳ. ಛೀ ಛೀ ಛೀ! ಡಬ್ಬಿಗೆ ಹಾಕ್ಕೊಂಡು ಬಂದಿದ್ದನ್ನ ಹಾಗೇ ಚೆಲ್ಲಿಬಿಟ್ಟೆ ಕಣೇ."

ಜಾಹೀರಾತುಗಳು. ಕಸ ಗುಡಿಸುತ್ತೇನೆಂದು ಬಂದ ಆ್ಯಪು ಗಂಟೆಗೆ ಇಪ್ಪತ್ತು ಸಲ ಪರದೆ ಬೆಳಗಿಸಿ ಹೊಲಸು ತೋರಿಸುತ್ತಿತ್ತು. ಫೋನು ಹೆಂಚಿನಂತೆ ಕಾದಿತ್ತು. ಅದನ್ನು ಅಳಿಸುವುದೂ ಸುಲಭವಾಗಲಿಲ್ಲ. 'ನಿಜವಾಗಿಯೂ ತೆಗೆಯಬೇಕೇ?' ಎಂದು ಕೇಳಿ, ಹೌದೆಂದರೆ ಇನ್ನೊಂದು ಕೀವಿನ ಚಿತ್ರ ತೋರಿಸುತ್ತಿತ್ತು. ನಾನು ಅಳಿಸುವವರೆಗೆ ಚಿಕ್ಕಮ್ಮ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು.

"ಇನ್ನು ನೀವ್ಯಾರೂ ಮುಟ್ಟಬೇಡಿ. ನಾನೇ ನೋಡ್ತೀನಿ."

ನೋಡಿದಳು. ಹತ್ತನೇ ತರಗತಿ ಓದಿದವಳು. ಫೋನಿನಲ್ಲಿ ಕರೆ ಮಾಡುವುದು, ಫೋಟೋ ನೋಡುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡು, ಕನ್ನಡಕ ಏರಿಸಿ, ಸೆಟ್ಟಿಂಗ್ಸ್ ತೆರೆದು ಒಂದೊಂದೇ ಸಾಲನ್ನು ಪಠ್ಯಪುಸ್ತಕದ ಹಾಗೆ ಓದಿದಳು. ಬ್ಯಾಟರಿಯನ್ನು ಯಾವುದು ಎಷ್ಟು ತಿಂದಿದೆ ಎಂಬ ಪಟ್ಟಿ ಅಲ್ಲಿಯೇ ಇತ್ತು. ನೆಂಟರ ಗುಂಪಿನಲ್ಲಿ ನನ್ನ ದೊಡ್ಡಮಾವ ದಿನಕ್ಕೆ ಮೂವತ್ತು ವಿಡಿಯೋ ಕಳಿಸುತ್ತಾರೆ. ಅವೆಲ್ಲ ಅವಳನ್ನು ಕೇಳದೆ ತಾವಾಗಿಯೇ ಇಳಿದುಕೊಳ್ಳುತ್ತಿದ್ದವು. ಒಂದನ್ನು ತೆರೆದು ನೋಡಿದಳು. ಹಲ್ಲಿಲ್ಲದ ಮುದುಕನೊಬ್ಬ ಬಾಯಿ ತುಂಬ ಅನ್ನ ಇಟ್ಟುಕೊಂಡು ಹಾಡುತ್ತಿದ್ದ. ತಾನಾಗಿ ಇಳಿಯುವುದನ್ನು ಅಲ್ಲಿಗೇ ನಿಲ್ಲಿಸಿದಳು. ಯಾವತ್ತೂ ತೆರೆಯದ ಹವಾಮಾನದ ಆ್ಯಪೊಂದು ಇಪ್ಪತ್ತನಾಲ್ಕು ಗಂಟೆಯೂ ಅವಳೆಲ್ಲಿದ್ದಾಳೆಂದು ನೋಡುತ್ತಲೇ ಇತ್ತು. "ಇದಕ್ಕೇನು ನನ್ನ ಮೇಲೆ ಕಣ್ಣು? ಥೂ, ನಾಚಿಕೆಗೆಟ್ಟದ್ದು" ಎಂದು ಅದರ ಕಣ್ಣು ಕಟ್ಟಿದಳು. ಪರದೆಯ ಬೆಳಕನ್ನು ಅರ್ಧಕ್ಕಿಳಿಸಿದಳು, ಅದು ಹದಿನೈದು ಸೆಕೆಂಡಿನಲ್ಲಿ ಆರುವಂತೆ ಮಾಡಿದಳು.

ಫಲವಿಲ್ಲದೆ ಹೋಗಲಿಲ್ಲ. ಹನ್ನೆರಡೂ ನಲವತ್ತಕ್ಕೆ ಮುಚ್ಚುತ್ತಿದ್ದ ಫೋನು ಎರಡು ಗಂಟೆಯವರೆಗೆ ಉಸಿರು ಹಿಡಿಯಿತು. ಚಿಕ್ಕಪ್ಪನ "ಊಟ ಆಯ್ತಾ" ಮತ್ತೆ ಬಂತು. ಆದರೆ ಎರಡರಿಂದ ಐದರವರೆಗೆ ಫೋನು ಕಲ್ಲು. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕೂತಿದ್ದ ಹೆಸರು 'ಮೊಬೈಲ್ ನೆಟ್‌ವರ್ಕ್'. ಅದು ಆ್ಯಪೂ ಅಲ್ಲ, ಅಳಿಸುವುದಕ್ಕೂ ಬರುವುದಿಲ್ಲ. ಅದು ಯಾಕೆ ಅಷ್ಟು ತಿನ್ನುತ್ತದೆಂದು ನನಗೂ ಹೊಳೆಯಲಿಲ್ಲ.

ಚಿಕ್ಕಮ್ಮ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬರೆಯತೊಡಗಿದಳು. ಗಂಟೆಗೊಮ್ಮೆ ಎಷ್ಟು ಉಳಿದಿದೆ, ಆಗ ತಾನು ಎಲ್ಲಿದ್ದೆ. ಎಂಟಕ್ಕೆ ನೂರು. ಒಂಬತ್ತಕ್ಕೆ ಎಂಬತ್ತೆರಡು. ಹತ್ತಕ್ಕೆ ಅರವತ್ತನಾಲ್ಕು. ಊಟದ ಅರ್ಧ ಗಂಟೆ ಕ್ಯಾಂಟೀನಿನಲ್ಲಿ ಕಳೆದಾಗ ಇಳಿದದ್ದು ಒಂದೇ ಒಂದು ಅಂಕಿ. ನಾಲ್ಕು ದಿನ ಬರೆದಳು, ನಾಲ್ಕೂ ದಿನ ಹಾಗೆಯೇ. ಆಗ ಅವಳಿಗೆ ತಾನು ಲಿಫ್ಟ್ ಹತ್ತದಿದ್ದ ಆ ಭಾನುವಾರ ಮತ್ತು ಸೋಮವಾರ ನೆನಪಾದವು.

ಐದನೆಯ ದಿನ ಬೆಳಿಗ್ಗೆ ಫೋನನ್ನು ಔಷಧಿ ಕೌಂಟರಿನ ಅಕ್ಕನ ಕೈಗೆ ಕೊಟ್ಟಳು. "ಅಕ್ಕ, ಇದನ್ನ ಸಂಜೆ ತನಕ ಇಲ್ಲೇ ಇಟ್ಕೊಳ್ಳಿ. ಒತ್ತಬೇಡಿ, ಏನೂ ಮಾಡಬೇಡಿ. ಎಂಜಲು ಕೈಯಲ್ಲಿ ಮಾತ್ರ ಮುಟ್ಟಬೇಡಿ." ಸಂಜೆ ಐದಕ್ಕೆ ತೆಗೆದು ನೋಡಿದರೆ ತೊಂಬತ್ತೊಂದು.

ಚಿಕ್ಕಮ್ಮ ನೇರವಾಗಿ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಕೋಣೆಗೆ ಹೋದಳು. ಅವನು ಚಹಾದಲ್ಲಿ ಬಿದ್ದ ನೊಣವನ್ನು ಬೆರಳಲ್ಲಿ ತೆಗೆದು ಎಸೆದು, ಚಹಾ ಕುಡಿಯುತ್ತಿದ್ದ.

"ಅಣ್ಣ, ನನ್ನ ಲಿಫ್ಟಲ್ಲಿ ಕೂತ್ರೆ ಫೋನ್ ಬ್ಯಾಟರಿ ಯಾಕೆ ಹೋಗುತ್ತೆ?"

"ಹೋಗದೆ ಇನ್ನೇನಮ್ಮ" ಎಂದ ಅವನು, ಸಲೀಸಾಗಿ. "ಕಬ್ಬಿಣದ ಪೆಟ್ಟಿಗೆ ಅದು. ಸುತ್ತ ಕಾಂಕ್ರೀಟ್ ಬಾವಿ. ಒಳಗೆ ಟವರಿನ ಸಿಗ್ನಲ್ ಬರಲ್ಲ. ಬಾಗಿಲು ತೆಗೆದಾಗ ಒಂಚೂರು ಸಿಗುತ್ತೆ, ಮುಚ್ಚಿದಾಗ ಹೋಗುತ್ತೆ. ಫೋನ್ ಸುಮ್ನಿರುತ್ತಾ? ಟವರ್ ಎಲ್ಲಿ, ಟವರ್ ಎಲ್ಲಿ ಅಂತ ಇರೋ ಶಕ್ತಿಯೆಲ್ಲ ಹಾಕಿ ಹುಡುಕ್ತಾನೇ ಇರುತ್ತೆ. ಬೆಳಿಗ್ಗೆಯಿಂದ ಹಾಗೆ ಒದ್ದಾಡಿದ್ರೆ ಮಧ್ಯಾಹ್ನಕ್ಕೆ ಮುಗೀತು."

"ಅಂದ್ರೆ ಲಿಫ್ಟ್ ನಡುವೆ ನಿಂತ್ರೆ, ಬ್ಯಾಟರಿ ತುಂಬಿದ್ರೂ ಫೋನ್ ಹೋಗಲ್ಲ?"

"ಎಲ್ಲಿ ಹೋಗುತ್ತೆ? ಅದಕ್ಕೇ ಅಲ್ವಾ ಬೆಲ್ ಇಡೋದು."

"ಬೆಲ್ ಯಾಕೆ ಇಲ್ಲ ಮತ್ತೆ?"

ಅವನು ಲೋಟದ ತಳ ನೋಡಿದ. "ತಂತಿಗೆ ಬರೆದು ಕೊಟ್ಟಿದ್ದೀನಮ್ಮ. ಮೆಮೋ ಸಾರ್ ಟೇಬಲ್ ಮೇಲೆ ಇದೆ. ಹನ್ನೊಂದು ತಿಂಗಳಾಯ್ತು."

ಅವತ್ತು ಅವಳು ಮನೆಗೆ ಬಂದು 'ಛೀ' ಎನ್ನಲಿಲ್ಲ. ನೇರ ಅಡುಗೆಮನೆಗೆ ಹೋಗಿ ಕುಕ್ಕರು ಇಟ್ಟಳು. ನಾನು ಕೇಳಿದ್ದಕ್ಕೆ ಇಷ್ಟೇ ಹೇಳಿದಳು. "ಉಗುಳು, ಕೀವು, ವಾಂತಿ, ಎಲ್ಲಾ ನೋಡಿದ್ದೀನಿ. ಒರೆಸಿದ್ರೆ ಹೋಗುತ್ತೆ. ಆ ಅಜ್ಜ ನನ್ನ ಕೈ ಹಿಡ್ಕೊಂಡು 'ಉಸಿರು ಕಟ್ತಿದೆ ಮಗಳೇ' ಅಂತಿದ್ದ. ಆ ಮನುಷ್ಯ ಕಾಗದ ಟೇಬಲ್ ಮೇಲಿಟ್ಕೊಂಡು, ನನಗೆ ಸಿನಿಮಾ ನೋಡ್ತೀಯ ಅಂದ. ಅವನ ಮುಖ ನೆನೆಸ್ಕೊಂಡ್ರೆ ಮೈಯೆಲ್ಲ ಜಿಡ್ಡು ಹತ್ತಿದ ಹಾಗಾಗುತ್ತೆ."

ಚಿಕ್ಕಪ್ಪನಿಗೆ ಏನು ಕೇಳಿಸಿತೋ, ಒಳಗಿನಿಂದ ಎದ್ದು ಬಂದು ಅವಳ ಕೈಗೆ ಒಂದು ಲೋಟ ನೀರು ಕೊಟ್ಟರು. ಅವಳದೇ ಲೋಟ.

ಮರುದಿನ ಹನ್ನೊಂದು ಗಂಟೆಗೆ ಮೆಮೋ ಸಾರ್ ಐದನೇ ಮಹಡಿಗೆ ಹೋಗಲು ಅವಳ ಲಿಫ್ಟ್ ಹತ್ತಿದರು. ಜೊತೆಗೆ ಬೇರೆ ಯಾರೂ ಇರಲಿಲ್ಲ. ಮೂರು ದಾಟಿದ ಮೇಲೆ ಚಿಕ್ಕಮ್ಮ ಒಣ ಪೆನ್ನಿನಿಂದ ಕೆಂಪು ಸ್ವಿಚ್ಚನ್ನು ಕೆಳಗೆ ಒತ್ತಿದಳು. ಲಿಫ್ಟು ಕುಲುಕಿ ನಿಂತಿತು.

"ಏನಾಯ್ತು?"

"ನಿಂತಿದೆ ಸಾರ್."

"ಬೆಲ್ ಒತ್ತು!"

"ನೀವೇ ಒತ್ತಿ ಸಾರ್."

ಅವರು ಒತ್ತಿದರು. ಇನ್ನೊಮ್ಮೆ ಒತ್ತಿದರು. ಜೇಬಿನಿಂದ ಫೋನು ತೆಗೆದರು. ದೊಡ್ಡದು, ಹೊಸದು. ಚಿಕ್ಕಮ್ಮ ಸ್ಟೂಲಿನಲ್ಲಿ ಕೂತೇ ಕೇಳಿದಳು. "ಚಾರ್ಜ್ ಎಷ್ಟಿದೆ ಸಾರ್?"

"ಎಂಬತ್ತು... ಹಲೋ? ಹಲೋ?" ಅವರು ಫೋನನ್ನು ತಲೆಯ ಮೇಲಕ್ಕೆ ಎತ್ತಿದರು, ಬಾಗಿಲಿನ ಸಂದಿಗೆ ಹಿಡಿದರು, ಮೂಲೆಗೆ ಹೋಗಿ ತಿರುಗಿದರು. ಒಂದು ಗೆರೆಯೂ ಮೂಡಲಿಲ್ಲ. ಕತ್ತಿನಲ್ಲಿ ಬೆವರು ಇಳಿಯತೊಡಗಿತು. ಆಸರೆಗೆಂದು ಹಿಡಿಕಂಬಿಯನ್ನು ಹಿಡಿದರು, ತಕ್ಷಣ ಕೈ ಹಿಂದೆಳೆದುಕೊಂಡರು. ಯಾರೋ ಆಗಷ್ಟೇ ಅಂಟಿಸಿ ಹೋಗಿದ್ದ ಗಮ್ಮು ಅವರ ಬೆರಳಿಗೂ ಕಂಬಿಗೂ ನಡುವೆ ಎಳೆ ಎಳೆಯಾಗಿ ಜಗ್ಗಿತು.

"ಥೂ! ಏನಿದು ಹೊಲಸು!"

"ದಿನಾ ಇರುತ್ತೆ ಸಾರ್" ಎಂದಳು ಚಿಕ್ಕಮ್ಮ. "ಫೋನ್ ಆನ್ ಇದ್ರೆ ಒಂದು ನಿಮಿಷದ ಕೆಲಸ ಅಂದಿದ್ರಲ್ಲ. ಇಲ್ಲಿ ಯಾರ ಫೋನೂ ಹೋಗಲ್ಲ. ನನ್ನ ಬ್ಯಾಟರಿ ದಿನಾ ಸಾಯೋದೂ ಇದಕ್ಕೇ. ಆವತ್ತು ಮೂವತ್ತೈದು ನಿಮಿಷ ಆಗಿತ್ತು. ಈಗ ಇನ್ನೂ ಎರಡು."

ಎರಡು ನಿಮಿಷವೆಂದರೆ ಎಷ್ಟು ಉದ್ದವೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತಂತೆ. ಆಮೇಲೆ ಅವಳು ಕೆಂಪು ಸ್ವಿಚ್ಚನ್ನು ಮೇಲೆತ್ತಿದಳು. ಐದನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಅವರು ಅಂಟಿದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಇಳಿದು ಹೋದರು.

ಸಂಜೆಯೊಳಗೆ ಎರಡನೇ ಮೆಮೋ ಬಂತು. 'ಸಕಾರಣವಿಲ್ಲದೆ ಲಿಫ್ಟ್ ನಿಲ್ಲಿಸಿದ್ದಕ್ಕಾಗಿ.' ಒಂದು ವಾರ ಅವಳನ್ನು ಕೊಳೆಬಟ್ಟೆ ಎಣಿಸುವ ಕೋಣೆಗೆ ಹಾಕಿದರು. ಅವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾರೂ ಯೋಚಿಸಲಾರರು. ಮೂಗಿಗೆ ಎರಡು ಮಡಿಕೆ ಬಟ್ಟೆ ಕಟ್ಟಿಕೊಂಡು, ಕೋಲಿನಲ್ಲಿ ಚಾದರ ಎತ್ತಿ ಎತ್ತಿ ಎಣಿಸಿದಳು. ಆ ವಾರವಿಡೀ ಮನೆಯಲ್ಲಿ ಅವಳು ಬರೀ ಗಂಜಿ ಕುಡಿದಳು. ಆದರೆ ಅವಳು ಲಿಫ್ಟಿಗೆ ಮರಳುವಷ್ಟರಲ್ಲಿ ಗಂಟೆಗೆ ಹೊಸ ತಂತಿ ಬಂದಿತ್ತು, ಮಾತಿನ ಪೆಟ್ಟಿಗೆಯೂ ಬಂದಿತ್ತು. ಗುಂಡಿ ಒತ್ತಿದರೆ ಏಳೂ ಮಹಡಿಗೆ ಕೇಳಿಸುವಂಥ ಸದ್ದು. ಹನ್ನೊಂದು ತಿಂಗಳು ಟೇಬಲ್ಲಿನ ಮೇಲೆ ಮಲಗಿದ್ದ ಕಾಗದ ನಾಲ್ಕೇ ದಿನದಲ್ಲಿ ಎದ್ದು ಓಡಾಡಿತ್ತು. ಅವಳ ಮೊದಲ ಮೆಮೋವನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ.

ಫೋನಿನ ಉಪಾಯವನ್ನು ಅವಳೇ ಕಂಡುಕೊಂಡಳು. ಲಿಫ್ಟಿನೊಳಗೆ ಕೂತಾಗ ವಿಮಾನದ ಗುರುತು ಒತ್ತಿ ಅದನ್ನು ಏರ್‌ಪ್ಲೇನ್ ಮೋಡಿಗೆ ಹಾಕಿಬಿಡುತ್ತಾಳೆ. ಆಗ ಅದು ಟವರ್ ಹುಡುಕುವುದನ್ನು ಬಿಟ್ಟು ತೆಪ್ಪಗಿರುತ್ತದೆ. ಗಂಟೆಗೊಮ್ಮೆ ನೆಲಮಹಡಿಯಲ್ಲಿ ಬಾಗಿಲು ತೆರೆದಾಗ ಹೊರಗೆ ಕಾಲಿಟ್ಟು, ಗುರುತು ತೆಗೆದು, ಯಾರಾದರೂ ಕರೆದಿದ್ದರೋ ನೋಡುತ್ತಾಳೆ. ಚಿಕ್ಕಪ್ಪನಿಗೆ ಕಿವಿಯ ಹತ್ತಿರ ಕೂಗಿ ಹೇಳಿದ್ದಾಳೆ, ಒಂದು ಗಂಟೆಗೆ ಸರಿಯಾಗಿ ಕ್ಯಾಂಟೀನಿನಲ್ಲಿರುತ್ತೇನೆ, ಆಗಲೇ ಮಾಡಿ ಎಂದು. ಸಂಜೆ ಮನೆಗೆ ಬರುವಾಗ ಅರವತ್ತರ ಮೇಲೆಯೇ ಉಳಿದಿರುತ್ತದೆ.

ಈಗ ಅವಳಿಗೆ ಹೊಸ ಕಾಟವೊಂದು ಅಂಟಿಕೊಂಡಿದೆ. ಸುದ್ದಿ ಹಬ್ಬಿ, ಆಸ್ಪತ್ರೆಯ ನರ್ಸುಗಳು, ಗುಮಾಸ್ತರು, ಸ್ಟ್ರೆಚರ್ ಅಣ್ಣ, ಎಲ್ಲರೂ ಕ್ಯಾಂಟೀನಿನಲ್ಲಿ ಫೋನು ಹಿಡಿದುಕೊಂಡು ಅವಳ ಮುಂದೆ ಸಾಲು ನಿಲ್ಲುತ್ತಾರೆ. "ಅಮ್ಮ, ನನ್ನದೂ ಬೇಗ ಇಳಿಯುತ್ತೆ, ಸ್ವಲ್ಪ ನೋಡಿ." ಅವಳು ನೋಡುತ್ತಾಳೆ, ಇಲ್ಲವೆನ್ನುವುದಿಲ್ಲ. ಯಾವ ಆ್ಯಪು ಕದ್ದು ತಿನ್ನುತ್ತಿದೆ, ಯಾವುದು ಸುಮ್ಮನೆ ಮೈಮೇಲೆ ಕಣ್ಣಿಟ್ಟಿದೆ, ಯಾರ ಮೇಜು ಸಿಗ್ನಲ್ ಬಾರದ ನೆಲಮಾಳಿಗೆಯಲ್ಲಿದೆ ಎಂದು ಐದು ನಿಮಿಷದಲ್ಲಿ ಹೇಳಿಬಿಡುತ್ತಾಳೆ. ಆದರೆ ಆ ಫೋನುಗಳ ಸ್ಥಿತಿ! ಕವಚದ ಸಂದಿಯಲ್ಲಿ ಮಣ್ಣು, ಮಾತಾಡುವ ತೂತಿನಲ್ಲಿ ಅನ್ನದಗುಳು, ಪರದೆಯ ಮೇಲೆ ಮುಖದ ಎಣ್ಣೆಯ ಪದರ.

ಹೋದ ವಾರ ನಾನು ಅವಳಿಗೆ ಊಟದ ಡಬ್ಬಿ ಕೊಡಲು ಹೋಗಿದ್ದಾಗ ಮೆಮೋ ಸಾರ್ ಕೂಡ ಆ ಸಾಲಿನಲ್ಲಿದ್ದರು. ಸರದಿ ಬಂದಾಗ ದೊಡ್ಡ ಫೋನನ್ನು ಮೆಲ್ಲಗೆ ಮುಂದೆ ಚಾಚಿದರು. ಚಿಕ್ಕಮ್ಮ ಕೈ ಚಾಚಲಿಲ್ಲ. ಹತ್ತಿಯ ಉಂಡೆ, ಸ್ಪಿರಿಟ್ ಸೀಸೆಗಳನ್ನು ಅವರ ಕಡೆ ಸರಿಸಿದಳು.

"ಮೊದಲು ಒರೆಸಿ ಕೊಡಿ ಸಾರ್. ಹಿಂದೆ ಮುಂದೆ ಎರಡೂ ಕಡೆ."

ಅವರು ಒರೆಸುತ್ತಾ ನಿಂತರು. ಹತ್ತಿ ಕಪ್ಪಗಾಯಿತು.

"ಇನ್ನೊಂದ್ಸಲ" ಎಂದಳು ಚಿಕ್ಕಮ್ಮ, ಮುಖ ಅತ್ತ ತಿರುಗಿಸಿಕೊಂಡು.